ಕಾಡುಜಿಂಕೆಯಲ್ಲಿ ಪ್ರಿಯಾನ್ ಹುಡುಕುವ ಆರ್‌ಟಿ-ಕ್ವಿಕ್ ಪರೀಕ್ಷೆ: ಎಲ್ಲಿ ಕೆಡುತ್ತದೆ, ಏಕೆ ಕೆಡುತ್ತದೆ

ಬೇರೆ ರೋಗಗಳನ್ನು ಪತ್ತೆಹಚ್ಚುವ ದಾರಿಗಳು ಪ್ರಿಯಾನ್ ರೋಗದ ಮುಂದೆ ಒಂದೊಂದಾಗಿ ಮುಚ್ಚಿಕೊಳ್ಳುತ್ತವೆ. ಪ್ರಿಯಾನಿನಲ್ಲಿ ಡಿಎನ್‌ಎ ಇಲ್ಲ, ಆರ್‌ಎನ್‌ಎ ಇಲ್ಲ, ಆದ್ದರಿಂದ ಪಿಸಿಆರ್ ಮಾಡುವಂತಿಲ್ಲ. ಅದು ಜಿಂಕೆಯ ಮೈಯಲ್ಲೇ ಇರುವ ಪ್ರೋಟೀನು, ಮಡಿಸಿಕೊಂಡ ರೀತಿ ಮಾತ್ರ ಬೇರೆ. ಅಮೈನೋ ಆಮ್ಲಗಳ ಸಾಲು ಎರಡರಲ್ಲೂ ಒಂದೇ ಆಗಿರುವುದರಿಂದ ದೇಹ ಅದನ್ನು ಪರಕೀಯ ಎಂದು ಗುರುತಿಸುವುದಿಲ್ಲ, ಅದರ ವಿರುದ್ಧ ಪ್ರತಿಕಾಯ ತಯಾರಿಸುವುದಿಲ್ಲ. ಹಾಗಾಗಿ ರಕ್ತ ತೆಗೆದು ಪ್ರತಿಕಾಯ ನೋಡುವ ಪರೀಕ್ಷೆಗೂ ಇಲ್ಲಿ ಜಾಗವಿಲ್ಲ. ಉಳಿಯುವ ದಾರಿಗಳು ಎರಡು. ತಪ್ಪಾಗಿ ಮಡಿಸಿಕೊಂಡ ಪ್ರೋಟೀನು ಸುಲಭಕ್ಕೆ ಜೀರ್ಣವಾಗುವುದಿಲ್ಲ ಎಂಬುದನ್ನು ಬಳಸಿಕೊಳ್ಳುವುದು ಒಂದು. ತನ್ನಂತೆಯೇ ಇತರ ಪ್ರೋಟೀನುಗಳನ್ನೂ ಮಡಿಸುವ ಅದರ ಗುಣವನ್ನು ಬಳಸಿಕೊಳ್ಳುವುದು ಇನ್ನೊಂದು.

ಇಲ್ಲಿ ಹೇಳುತ್ತಿರುವುದು ಕ್ರಾನಿಕ್ ವೇಸ್ಟಿಂಗ್ ಡಿಸೀಸ್, ಅಂದರೆ ಸಿಡಬ್ಲ್ಯುಡಿ ಕುರಿತು. 1967ರಲ್ಲಿ ಅಮೆರಿಕದ ಕೊಲೊರಾಡೋದ ಫೋರ್ಟ್ ಕಾಲಿನ್ಸ್‌ನಲ್ಲಿ ಸಂಶೋಧನೆಗೆಂದು ಸಾಕಿದ್ದ ಮ್ಯೂಲ್ ಜಿಂಕೆಗಳಲ್ಲಿ ಇದು ಮೊದಲು ಕಂಡಿತು. ಮೆದುಳು ಸ್ಪಂಜಿನಂತೆ ತೂತಾಗುವ ರೋಗಗಳ ಗುಂಪಿಗೆ ಇದು ಸೇರಿದ್ದೆಂದು 1970ರ ದಶಕದ ಕೊನೆಯಲ್ಲಿ ಗುರುತಿಸಿದವರು ಪಶುವೈದ್ಯೆ ಎಲಿಜಬೆತ್ ವಿಲಿಯಮ್ಸ್. 1981ರಲ್ಲಿ ಕಾಡಿನ ಎಲ್ಕ್‌ನಲ್ಲಿ ಸಿಕ್ಕಿತು. 2002ರಲ್ಲಿ ವಿಸ್ಕಾನ್ಸಿನ್‌ನ ಬಿಳಿಬಾಲದ ಜಿಂಕೆಗಳಲ್ಲಿ, 2016ರಲ್ಲಿ ನಾರ್ವೆಯ ಹಿಮಸಾರಂಗದಲ್ಲಿ ಕಂಡಿತು. ಇಂದು ಅಮೆರಿಕದ 30ಕ್ಕೂ ಹೆಚ್ಚು ರಾಜ್ಯಗಳಲ್ಲಿದೆ. ನಮ್ಮ ಚುಕ್ಕೆ ಜಿಂಕೆ, ಕಡವೆಗಳಲ್ಲಿ ವರದಿಯಾಗಿಲ್ಲ. ಸೋಂಕು ತಗುಲಿದ ಜಿಂಕೆ ಒಂದೂವರೆ ವರ್ಷವೋ ಅದಕ್ಕಿಂತ ಹೆಚ್ಚೋ ಕಾಲ ಆರೋಗ್ಯವಾಗಿಯೇ ಕಾಣುತ್ತದೆ. ಆ ಅವಧಿಯಲ್ಲೇ ಜೊಲ್ಲು, ಹಿಕ್ಕೆ, ಮೂತ್ರದ ಮೂಲಕ ಪ್ರಿಯಾನ್ ಚೆಲ್ಲುತ್ತಾ ಓಡಾಡುತ್ತದೆ. ಮಣ್ಣಿಗೆ ಬಿದ್ದದ್ದು ಜೇಡಿಯ ಕಣಗಳಿಗೆ ಅಂಟಿಕೊಂಡು ವರ್ಷಗಟ್ಟಲೆ ಉಳಿಯಬಲ್ಲದು. ಹೆಚ್ಚು ಸೂಕ್ಷ್ಮವಾದ ಪರೀಕ್ಷೆ ಬೇಕಾಗಿರುವುದು ಇದಕ್ಕೇ. ರೋಗ ಕಣ್ಣಿಗೆ ಕಾಣುವ ಹೊತ್ತಿಗೆ ಆ ಜಿಂಕೆ ಹರಡುವುದನ್ನೆಲ್ಲ ಹರಡಿ ಮುಗಿಸಿರುತ್ತದೆ.

ಹಳೆಯ ಪರೀಕ್ಷೆಗಳು ಎರಡು, ಈಗಲೂ ಅಧಿಕೃತ ನಿಗಾದ ಬೆನ್ನೆಲುಬು ಅವೇ. ಎಲೈಸಾದಲ್ಲಿ ಅಂಗಾಂಶವನ್ನು ಅರೆದು, ರೋಗದ ರೂಪದ ಪ್ರೋಟೀನನ್ನು ಮಾತ್ರ ಉಳಿಸಿಕೊಂಡು ಪ್ರತಿಕಾಯದಿಂದ ಗುರುತಿಸುತ್ತಾರೆ. ಕೆಲವು ಕಿಟ್‌ಗಳು ಪ್ರೋಟೀನೇಸ್-ಕೆ ಕಿಣ್ವದಿಂದ ಸಹಜ ಪ್ರೋಟೀನನ್ನು ಜೀರ್ಣ ಮಾಡಿಸುತ್ತವೆ. ಇಮ್ಯುನೋಹಿಸ್ಟೋಕೆಮಿಸ್ಟ್ರಿಯಲ್ಲಿ ಫಾರ್ಮಲಿನ್‌ನಲ್ಲಿಟ್ಟ ಗಂಟಲಿನ ದುಗ್ಧಗ್ರಂಥಿಯನ್ನು ತೆಳುವಾಗಿ ಕೊಯ್ದು ಬಣ್ಣ ಹಚ್ಚಿ ಸೂಕ್ಷ್ಮದರ್ಶಕದಡಿ ನೋಡುತ್ತಾರೆ. ಎರಡೂ ಒಳ್ಳೆಯ ಪರೀಕ್ಷೆಗಳು. ಆದರೆ ಅಲ್ಲಿ ಇದ್ದಷ್ಟನ್ನೇ ನೋಡಬೇಕು, ವರ್ಧಿಸಲು ಬರುವುದಿಲ್ಲ. ಸೋಂಕಿನ ಮೊದಲ ತಿಂಗಳುಗಳಲ್ಲಿ ಗ್ರಂಥಿಯಲ್ಲಿರುವ ಪ್ರಮಾಣ ಇವುಗಳ ಕಣ್ಣಿಗೆ ಬೀಳುವುದಿಲ್ಲ.

ಆರ್‌ಟಿ-ಕ್ವಿಕ್ ವರ್ಧಿಸುತ್ತದೆ. ಹಾಲಿಗೆ ಚಮಚ ಹೆಪ್ಪು ಹಾಕಿದರೆ ಪಾತ್ರೆಯ ಹಾಲೆಲ್ಲ ಮೊಸರಾಗುವ ಹಾಗೆ, ಲ್ಯಾಬಿನಲ್ಲಿ ತಯಾರಿಸಿದ ಸರಿಯಾದ ರೂಪದ ಪ್ರೋಟೀನಿಗೆ ಜಿಂಕೆಯ ಅಂಗಾಂಶವನ್ನು ಅತ್ಯಲ್ಪ ಪ್ರಮಾಣದಲ್ಲಿ ಸೇರಿಸುತ್ತಾರೆ. ಅದರಲ್ಲಿ ಪ್ರಿಯಾನ್ ಇದ್ದರೆ ಪ್ರೋಟೀನು ಎಳೆಎಳೆಯಾಗಿ ಜೋಡಣೆಗೊಳ್ಳುತ್ತದೆ. ಥಯೋಫ್ಲಾವಿನ್-ಟಿ ಎಂಬ ಬಣ್ಣ ಆ ಎಳೆಗಳಿಗೆ ಕೂತಾಗ ಹೊಳೆಯುತ್ತದೆ, ಯಂತ್ರ ಆ ಹೊಳಪನ್ನು ಅಳೆಯುತ್ತದೆ. ಅಮೆರಿಕದ ಮೊಂಟಾನಾದ ಹ್ಯಾಮಿಲ್ಟನ್‌ನಲ್ಲಿರುವ ರಾಕಿ ಮೌಂಟನ್ ಲ್ಯಾಬೊರೇಟರೀಸ್‌ನ ಬೈರನ್ ಕಾಘಿ ಅವರ ತಂಡ ಮತ್ತು ಜಪಾನಿನ ನಾಗಾಸಾಕಿಯ ರ್ಯೂಇಚಿರೊ ಅತರಾಶಿ ಅವರ ಕೆಲಸದಿಂದ 2010-11ರ ಹೊತ್ತಿಗೆ ಇದು ಈಗಿನ ರೂಪಕ್ಕೆ ಬಂತು. ಅದಕ್ಕೂ ಮೊದಲು, 2001ರಲ್ಲಿ, ಕ್ಲಾಡಿಯೊ ಸೋಟೊ ತಂಡ ಪಿಎಂಸಿಎ ಎಂಬ ವಿಧಾನದಲ್ಲಿ ಇದೇ ತತ್ವವನ್ನು ಶಬ್ದತರಂಗದ ಹೊಡೆತದಿಂದ ಸಾಧಿಸಿತ್ತು. ಆದರೆ ಅಲ್ಲಿ ಪ್ರೋಟೀನಿನ ಮೂಲವಾಗಿ ಆರೋಗ್ಯವಂತ ಪ್ರಾಣಿಯ ಮೆದುಳೇ ಬೇಕಿತ್ತು. ದಿನನಿತ್ಯದ ನೂರಾರು ಮಾದರಿಗಳಿಗೆ ಅದು ಒಗ್ಗುವುದಿಲ್ಲ.

ಈ ಪರೀಕ್ಷೆಯ ಸೂಕ್ಷ್ಮತೆಯನ್ನು ಎಲ್ಲರೂ ಹೊಗಳುತ್ತಾರೆ. ಲ್ಯಾಬಿನಲ್ಲಿ ಶ್ರಮವೆಲ್ಲ ಹೋಗಬೇಕಾದದ್ದು ಮಾತ್ರ ರೋಗವಿಲ್ಲದ ಮಾದರಿಯ ವೆಲ್‌ಗಳು (ಪ್ಲೇಟಿನ ಪುಟ್ಟ ಗುಳಿಗಳು) ಕೊನೆಯವರೆಗೂ ಏಳದಂತೆ, ಅಂದರೆ ಹೊಳಪು ಏರದಂತೆ, ನೋಡಿಕೊಳ್ಳುವುದಕ್ಕೆ. ಹೆಪ್ಪು ಹಾಕದಿದ್ದರೂ ಹಾಲು ಒಂದಲ್ಲ ಒಂದು ಹೊತ್ತಿಗೆ ಒಡೆಯುತ್ತದೆ, ಈ ಪ್ರೋಟೀನೂ ಹಾಗೆಯೇ. ತಾನಾಗಿ ಒಡೆಯುವ ಹೊತ್ತು ಎಷ್ಟು ದೂರವಿರುತ್ತದೋ ಅಷ್ಟೇ ಪರೀಕ್ಷೆಗೆ ಸಿಗುವ ಅವಕಾಶ.

ಆದ್ದರಿಂದ ಮೊದಲ ಗಮನ ಸಬ್‌ಸ್ಟ್ರೇಟ್ ಪ್ರೋಟೀನಿಗೆ, ಅಂದರೆ ಹಾಲಿನ ಜಾಗದಲ್ಲಿರುವ ಲ್ಯಾಬಿನ ಪ್ರೋಟೀನಿಗೆ. ಜಿಂಕೆಯ ರೋಗಕ್ಕೆ ಹೆಚ್ಚಾಗಿ ಬಳಸುವುದು ಜಿಂಕೆಯ ಪ್ರೋಟೀನನ್ನಲ್ಲ, ಸಿರಿಯನ್ ಹ್ಯಾಮ್‌ಸ್ಟರ್‌ನದು, ಅದರಲ್ಲೂ 90ರಿಂದ 231ನೇ ಅಮೈನೋ ಆಮ್ಲದವರೆಗಿನ ತುಂಡು. ಇ. ಕೋಲೈ ಬ್ಯಾಕ್ಟೀರಿಯಾದಲ್ಲಿ ಬೆಳೆಸಿದಾಗ ಇದು ಕರಗದ ಗಂಟುಗಳಾಗಿ ಒಳಗೇ ಕೂರುತ್ತದೆ. ಆ ಗಂಟುಗಳನ್ನು ತೊಳೆದು 8 ಮೋಲಾರ್ ಗ್ವಾನಿಡೀನ್‌ನಲ್ಲಿ (ಪ್ರೋಟೀನಿನ ಮಡಿಕೆ ಬಿಚ್ಚುವ ರಾಸಾಯನಿಕ) ಕರಗಿಸಿ ನಿಕಲ್ ರೆಸಿನ್‌ಗೆ ಕೂರಿಸಬೇಕು. ಪ್ರಿಯಾನ್ ಪ್ರೋಟೀನಿಗೆ ನಿಕಲ್ ಮೇಲೆ ಸಹಜ ಒಲವಿರುವುದರಿಂದ ಬೇರೆ ಹಿಸ್ಟಿಡೀನ್ ಬಾಲ ಜೋಡಿಸಬೇಕಾಗಿಲ್ಲ. ಆಮೇಲೆ ಆ ರೆಸಿನ್ ತುಂಬಿದ ಕೊಳವೆಯಲ್ಲೇ (ಕಾಲಮ್) ಗ್ವಾನಿಡೀನನ್ನು 6 ಮೋಲಾರ್‌ನಿಂದ ಸೊನ್ನೆಗೆ ಹಲವು ಗಂಟೆಗಳಲ್ಲಿ, ತಣ್ಣಗೆ, ನಿಧಾನವಾಗಿ ಇಳಿಸಬೇಕು. ಅವಸರ ಮಾಡಿದರೆ ಪ್ರೋಟೀನು ಸರಿಯಾಗಿ ಮಡಿಸಿಕೊಳ್ಳುವುದಿಲ್ಲ, ಅದರ ದಂಡ ತಿಂಗಳ ನಂತರ ಪ್ಲೇಟಿನಲ್ಲಿ ತೆರಬೇಕಾಗುತ್ತದೆ. ನಿಕಲ್‌ನಿಂದ ಪ್ರೋಟೀನನ್ನು ಬಿಡಿಸುವ ಇಮಿಡಜೋಲನ್ನು 500 ಮಿಲಿಮೋಲಾರ್‌ವರೆಗೆ ಏರಿಸುತ್ತಾ ಪ್ರೋಟೀನನ್ನು ಹೊರಗಿಳಿಸಿ, 10 ಮಿಲಿಮೋಲಾರ್ ಫಾಸ್ಫೇಟ್, ಪಿಎಚ್ 5.8ರ ಬಫರ್‌ನಲ್ಲಿ ಡಯಾಲಿಸಿಸ್ ಮಾಡುತ್ತಾರೆ. ಡಯಾಲಿಸಿಸ್ ಚೀಲದೊಳಗೆ ಬಿಳಿ ಮೋಡ ಕಂಡರೆ ಪ್ರೋಟೀನು ತೀರ ದಟ್ಟವಾಗಿತ್ತು ಎಂದರ್ಥ. ಆ ಮೋಡವನ್ನು ಸೋಸಿ ಉಳಿದದ್ದನ್ನು ಬಳಸೋಣ ಎಂಬ ಆಸೆ ಬರುತ್ತದೆ, ಬಳಸಬೇಡಿ. ಚೆನ್ನಾಗಿ ಬಂದದ್ದನ್ನು 0.22 ಮೈಕ್ರಾನ್ ಸೋಸಿಕೆಯಲ್ಲಿ ಸೋಸಿ, ಒಂದು ಬಾರಿಗೆ ಬೇಕಾದಷ್ಟನ್ನೇ ಸಣ್ಣ ಟ್ಯೂಬ್‌ಗಳಿಗೆ ಹಂಚಿ, ಮೈನಸ್ 80 ಡಿಗ್ರಿಯಲ್ಲಿಡಿ. ಒಮ್ಮೆ ಕರಗಿಸಿದ ಟ್ಯೂಬನ್ನು ಮತ್ತೆ ಫ್ರೀಜರಿಗೆ ಹಾಕಬಾರದು. ಬಳಸುವ ದಿನ 100 ಕಿಲೋಡಾಲ್ಟನ್ ಸ್ಪಿನ್ ಸೋಸಿಕೆಯ ಮೂಲಕ ಹಾಯಿಸಬೇಕು, ಕರಗುವಾಗ ಹುಟ್ಟಿದ ಪುಟ್ಟ ಗಂಟುಗಳು ಅಲ್ಲೇ ನಿಲ್ಲುತ್ತವೆ. ಪ್ರತಿ ಹೊಸ ತಯಾರಿಯನ್ನೂ ಹಳೆಯ ತಯಾರಿಯ ಪಕ್ಕದಲ್ಲಿ, ಗೊತ್ತಿರುವ ಪಾಸಿಟಿವ್ ಮತ್ತು ಗೊತ್ತಿರುವ ನೆಗೆಟಿವ್ ಮಾದರಿಗಳ ಮೇಲೆ ನಡೆಸಿ ನೋಡಿದ ಮೇಲೆಯೇ ಬಳಕೆಗೆ ಬಿಡಬೇಕು.

ಒಂದು 96 ವೆಲ್ ಪ್ಲೇಟಿಗೆ 10 ಮಿಲಿಲೀಟರ್ ಮಿಶ್ರಣ ಸಾಕು. ಅದರ ಲೆಕ್ಕ ಹೀಗೆ: 5 ಪಟ್ಟು ಗಾಢ ಪಿಬಿಎಸ್ 2 ಮಿಲಿಲೀಟರ್ (ಒಂದು ಪಟ್ಟಿಗೆ ಇಳಿದಾಗ 10 ಮಿಲಿಮೋಲಾರ್ ಫಾಸ್ಫೇಟ್, 130 ಮಿಲಿಮೋಲಾರ್ ಉಪ್ಪು, ಪಿಎಚ್ 7.4), 2 ಮೋಲಾರ್ ಉಪ್ಪಿನ ದ್ರಾವಣ 0.85 ಮಿಲಿಲೀಟರ್, 100 ಮಿಲಿಮೋಲಾರ್ ಇಡಿಟಿಎ 0.1 ಮಿಲಿಲೀಟರ್, 1 ಮಿಲಿಮೋಲಾರ್ ಥಯೋಫ್ಲಾವಿನ್-ಟಿ 0.1 ಮಿಲಿಲೀಟರ್, ನೀರು 4.95 ಮಿಲಿಲೀಟರ್, ಕೊನೆಯಲ್ಲಿ ಪ್ರೋಟೀನು. ಪ್ರೋಟೀನಿನ ದಟ್ಟತೆ ಮಿಲಿಲೀಟರಿಗೆ 0.5 ಮಿಲಿಗ್ರಾಂ ಇದ್ದರೆ ಅದು 2 ಮಿಲಿಲೀಟರ್ ಆಗುತ್ತದೆ. ಒಟ್ಟಿನಲ್ಲಿ ಉಪ್ಪು 300 ಮಿಲಿಮೋಲಾರ್‌ಗೆ, ಬಣ್ಣ 10 ಮೈಕ್ರೋಮೋಲಾರ್‌ಗೆ, ಪ್ರೋಟೀನು ಮಿಲಿಲೀಟರಿಗೆ 0.1 ಮಿಲಿಗ್ರಾಂಗೆ ಬಂದು ನಿಲ್ಲಬೇಕು. ಪ್ರೋಟೀನನ್ನು ಕೊನೆಗೆ ಹಾಕಿ ಎನ್ನುವುದಕ್ಕೆ ಕಾರಣವಿದೆ. ಗಾಢ ಉಪ್ಪಿನ ದ್ರಾವಣ ನೇರವಾಗಿ ತಾಗಿದರೆ ಪ್ರೋಟೀನು ಅಲ್ಲಿಯೇ ಗಂಟುಕಟ್ಟಬಹುದು. ಕಲೆಸಲು ವೋರ್ಟೆಕ್ಸ್ (ಟ್ಯೂಬನ್ನು ಜೋರಾಗಿ ಅಲುಗಿಸುವ ಯಂತ್ರ) ಬೇಡ. ನೊರೆಯೆದ್ದರೆ ಗಾಳಿ ಮತ್ತು ನೀರು ಸೇರುವ ಮೇಲ್ಮೈಯಲ್ಲಿ ಪ್ರೋಟೀನು ತೆರೆದುಕೊಂಡು ಹಾಳಾಗುತ್ತದೆ, ಟ್ಯೂಬನ್ನು ಮೆಲ್ಲಗೆ ತಿರುವಿದರೆ ಸಾಕು. ಥಯೋಫ್ಲಾವಿನ್ ಬೆಳಕಿಗೆ ಕೆಡುವುದರಿಂದ ಅದನ್ನು ಫಾಯಿಲ್ ಸುತ್ತಿ ಇಡಿ.

ಇನ್ನು ಜಿಂಕೆಯ ಕಡೆಗೆ. ಬೇಟೆಯಾದ ಜಿಂಕೆಯಿಂದ ತೆಗೆಯಬೇಕಾದದ್ದು ಗಂಟಲಿನ ಹಿಂಭಾಗದ ಮೀಡಿಯಲ್ ರೆಟ್ರೋಫರಿಂಜಿಯಲ್ ದುಗ್ಧಗ್ರಂಥಿ, ಎರಡೂ ಬದಿಯದು. ಬಿಳಿಬಾಲದ ಜಿಂಕೆ, ಮ್ಯೂಲ್ ಜಿಂಕೆಗಳಲ್ಲಿ ಮೆದುಳಿಗೆ ಮುಂಚೆ ಪ್ರಿಯಾನ್ ತುಂಬಿಕೊಳ್ಳುವುದು ಇಲ್ಲಿ. ಹೊರಗಿನಿಂದ ಬರುವ ಮಾದರಿಗಳಲ್ಲಿ ಆಗುವ ಸಾಮಾನ್ಯ ತಪ್ಪು ಎಂದರೆ ದುಗ್ಧಗ್ರಂಥಿಯ ಬದಲು ಜೊಲ್ಲುಗ್ರಂಥಿ ಕಳುಹಿಸುವುದು. ಎರಡೂ ಹತ್ತಿರ ಹತ್ತಿರವೇ ಇರುತ್ತವೆ. ಕೊಯ್ದು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ: ದುಗ್ಧಗ್ರಂಥಿ ನುಣುಪಾದ ಅಂಡಾಕಾರದ್ದು, ಒಳಗೆ ಒಂದೇ ಸಮನಾಗಿರುತ್ತದೆ, ಜೊಲ್ಲುಗ್ರಂಥಿ ಸಣ್ಣ ಸಣ್ಣ ಹಾಲೆಗಳ ಗೊಂಚಲು. ತಪ್ಪು ಅಂಗಾಂಶದಿಂದ ಬಂದ ನೆಗೆಟಿವ್ ಯಾವ ಯಂತ್ರದಲ್ಲೂ ತಪ್ಪೆಂದು ಕಾಣುವುದಿಲ್ಲ. ಹಾಗಾಗಿ ಅರೆಯುವ ಮೊದಲು ಕಣ್ಣಾರೆ ನೋಡಿ ದಾಖಲಿಸುವ ಹಂತವನ್ನು ಬಿಡಲೇಬಾರದು.

ಆರ್‌ಟಿ-ಕ್ವಿಕ್ ಮತ್ತು ಎಲೈಸಾಗೆ ಗ್ರಂಥಿಯನ್ನು ತಾಜಾ ಅಥವಾ ಹೆಪ್ಪುಗಟ್ಟಿಸಿ ಕಳುಹಿಸಬಹುದು. ಸ್ವಲ್ಪ ಕೊಳೆತಿದ್ದರೂ ಪ್ರಿಯಾನ್ ನಿಲ್ಲುತ್ತದೆ. ಸೂಕ್ಷ್ಮದರ್ಶಕದ ಪರೀಕ್ಷೆಗೆ ಮಾತ್ರ ಫಾರ್ಮಲಿನ್‌ನಲ್ಲಿಟ್ಟದ್ದೇ ಆಗಬೇಕು.

ಗ್ರಂಥಿಯ ಕೊಬ್ಬು ಬಿಡಿಸಿ, 0.1 ಗ್ರಾಂ ತೂಗಿ, 0.9 ಮಿಲಿಲೀಟರ್ ಪಿಬಿಎಸ್‌ನಲ್ಲಿ ಜಿರ್ಕೋನಿಯಂ ಮಣಿಗಳ ಜೊತೆ ಅರೆಯಬೇಕು. ಇದು ಶೇ 10ರ ಅರೆತ. ಅದನ್ನು ಶೇ 0.1 ಎಸ್‌ಡಿಎಸ್ (ಒಂದು ಬಗೆಯ ಮಾರ್ಜಕ) ಮತ್ತು ಎನ್-2 ಪೂರಕ (ಜೀವಕೋಶ ಬೆಳೆಸಲು ಬಳಸುವ ಪೋಷಕ ಮಿಶ್ರಣ) ಸೇರಿಸಿದ ಪಿಬಿಎಸ್‌ನಲ್ಲಿ ಇನ್ನೂ ನೂರು ಪಟ್ಟು ತೆಳು ಮಾಡಿ, ಅಂದರೆ ಅಂಗಾಂಶದ ಲೆಕ್ಕದಲ್ಲಿ ಸಾವಿರಕ್ಕೊಂದು ಪಾಲಿಗೆ ತಂದು, ಪ್ರತಿ ವೆಲ್‌ನ 98 ಮೈಕ್ರೋಲೀಟರ್ ಮಿಶ್ರಣಕ್ಕೆ 2 ಮೈಕ್ರೋಲೀಟರ್ ಹಾಕುತ್ತಾರೆ. ಒಂದು ಮಾದರಿಗೆ ಕನಿಷ್ಠ ನಾಲ್ಕು ವೆಲ್. ವೆಲ್‌ನಲ್ಲಿ ಎಸ್‌ಡಿಎಸ್ ಶೇ 0.002ಕ್ಕೆ ಇಳಿಯುತ್ತದೆ. ಇದು ತೀರ ಕಡಿಮೆಯಾದರೆ ಕ್ರಿಯೆ ಮಂದವಾಗುತ್ತದೆ, ಹೆಚ್ಚಾದರೆ ಸಬ್‌ಸ್ಟ್ರೇಟ್ ತಾನಾಗಿ ಏಳುತ್ತದೆ. ತೆಳು ಮಾಡಿದ ದ್ರಾವಣವನ್ನು ಮಂಜುಗಡ್ಡೆಯ ಮೇಲಿಟ್ಟರೆ ಎಸ್‌ಡಿಎಸ್ ಹರಳುಗಟ್ಟಿ ಪ್ರಮಾಣವೆಲ್ಲ ಏರುಪೇರಾಗುತ್ತದೆ, ಆದ್ದರಿಂದ ಈ ಒಂದು ಹಂತ ಕೋಣೆಯ ಉಷ್ಣಾಂಶದಲ್ಲೇ ನಡೆಯಲಿ.

ಇಲ್ಲಿ ಒಂದು ಲೆಕ್ಕವನ್ನು ನಿಂತು ನೋಡಬೇಕು. ಸಾವಿರಕ್ಕೊಂದು ಪಾಲಿನ 2 ಮೈಕ್ರೋಲೀಟರ್‌ನಲ್ಲಿರುವ ಅಂಗಾಂಶ ಕೇವಲ 2 ಮೈಕ್ರೋಗ್ರಾಂ. ನಾಲ್ಕು ವೆಲ್ ಸೇರಿದರೆ 8 ಮೈಕ್ರೋಗ್ರಾಂ, ಒಂದು ಗ್ರಾಂ ಅಂಗಾಂಶದ ಲಕ್ಷದಲ್ಲಿ ಒಂದು ಪಾಲಿಗೂ ಕಡಿಮೆ. ಸೋಂಕಿನ ಆರಂಭದಲ್ಲಿ ಪ್ರಿಯಾನ್ ಗ್ರಂಥಿಯ ತುಂಬ ಹರಡಿರುವುದಿಲ್ಲ, ಕೆಲವೇ ಫಾಲಿಕಲ್‌ಗಳಲ್ಲಿ (ರೋಗನಿರೋಧಕ ಕೋಶಗಳ ಪುಟ್ಟ ಗುಂಪುಗಳಲ್ಲಿ) ಕೂತಿರುತ್ತದೆ. ಒಂದೇ ಮೂಲೆಯಿಂದ 0.1 ಗ್ರಾಂ ಕತ್ತರಿಸಿದರೆ ಆ ಫಾಲಿಕಲ್‌ಗಳು ತಪ್ಪಿಹೋಗಬಹುದು. ಪರೀಕ್ಷೆ ಎಷ್ಟೇ ಸೂಕ್ಷ್ಮವಾಗಿರಲಿ, ವೆಲ್‌ಗೆ ಬಾರದ್ದನ್ನು ಅದು ತೋರಿಸಲಾರದು. ಎರಡೂ ಗ್ರಂಥಿಗಳ ನಾಲ್ಕಾರು ಜಾಗದಿಂದ, ಮುಖ್ಯವಾಗಿ ಹೊರಪದರದಿಂದ, ಚೂರುಗಳನ್ನು ತೆಗೆದು ಒಟ್ಟಿಗೆ ಅರೆಯುವುದು ಹೆಚ್ಚು ಸೂಕ್ತ. ಹೊಸ ಯಂತ್ರಕ್ಕೆ ಖರ್ಚು ಮಾಡುವುದಕ್ಕಿಂತ ಇದರಿಂದ ಸಿಗುವ ಸೂಕ್ಷ್ಮತೆ ದೊಡ್ಡದು ಎಂಬುದು ನನ್ನ ಅಭಿಪ್ರಾಯ.

ಹಾಗಿದ್ದರೆ ತೆಳು ಮಾಡದೆ ಗಾಢವಾಗಿಯೇ ಹಾಕಬಾರದೇಕೆ? ಹಾಕಿದರೆ ಕ್ರಿಯೆ ನಡೆಯುವುದೇ ಇಲ್ಲ. ಅಂಗಾಂಶದ ಕೊಬ್ಬು, ರಕ್ತ, ಸಹಜ ಪ್ರೋಟೀನುಗಳು ಎಳೆ ಬೆಳೆಯುವುದನ್ನು ತಡೆಯುತ್ತವೆ. ಪ್ರಬಲ ಪಾಸಿಟಿವ್ ಗ್ರಂಥಿಯೂ ನೂರಕ್ಕೊಂದು ಪಾಲಿನಲ್ಲಿ ಸುಮ್ಮನಿದ್ದು, ಸಾವಿರಕ್ಕೊಂದರಲ್ಲಿ ಚೆನ್ನಾಗಿ ಏಳುವುದುಂಟು. ಹಿಕ್ಕೆಯಲ್ಲಿ ಈ ತೊಂದರೆ ಇನ್ನೂ ಹೆಚ್ಚು, ಸೊಪ್ಪುಸದೆಯ ಪಾಲಿಫಿನಾಲ್‌ಗಳು ಅದರಲ್ಲಿರುತ್ತವೆ. ಅಂಥ ಮಾದರಿಗಳಲ್ಲಿ ಸೋಡಿಯಂ ಫಾಸ್ಫೋಟಂಗ್‌ಸ್ಟೇಟ್‌ನಿಂದ ಪ್ರಿಯಾನನ್ನು ತಳಕ್ಕಿಳಿಸಿ, ಅಥವಾ ಕಬ್ಬಿಣದ ಆಕ್ಸೈಡ್‌ನ ಕಾಂತೀಯ ಮಣಿಗಳಿಗೆ ಅಂಟಿಸಿಕೊಂಡು, ಮೇಲಿನ ಕೊಳೆಯನ್ನು ಚೆಲ್ಲುತ್ತಾರೆ. ಜೊಲ್ಲಿಗೂ ಇದೇ ಉಪಾಯ, ಅಲ್ಲಿ ಲೋಳೆ ಹೆಚ್ಚುವರಿ ತೊಡಕು. ತಡೆ ಇದೆಯೋ ಇಲ್ಲವೋ ತಿಳಿಯಲು ಒಂದು ಸರಳ ದಾರಿ ಇದೆ. ಏಳದ ಮಾದರಿಗೆ ಗೊತ್ತಿರುವ ಪಾಸಿಟಿವ್ ಮೆದುಳಿನ ಅತಿ ತೆಳು ದ್ರಾವಣವನ್ನು ಸೇರಿಸಿ ಮತ್ತೆ ನಡೆಸಿ. ಆಗಲೂ ಏಳದಿದ್ದರೆ ಆ ಮಾದರಿಯನ್ನು ನೆಗೆಟಿವ್ ಎನ್ನಬಾರದು, ಓದಲಾಗಲಿಲ್ಲ ಎಂದು ಬರೆಯಬೇಕು.

ಪ್ಲೇಟು ಕಪ್ಪು ಗೋಡೆಯದು, ತಳ ಪಾರದರ್ಶಕ. ಮೇಲೆ ಅಂಟುಹಾಳೆ ಬಿಗಿಯಾಗಿ ಒತ್ತಿ ಕೂರಿಸಬೇಕು. ಅಂಚಿನಲ್ಲಿ ಸಡಿಲವಿದ್ದರೆ ಎರಡು ದಿನದಲ್ಲಿ ಹೊರಸಾಲಿನ ವೆಲ್‌ಗಳು ಆರಿ ಉಪ್ಪು ಗಾಢವಾಗುತ್ತದೆ, ಅವೇ ಮೊದಲು ಸುಳ್ಳಾಗಿ ಏಳುತ್ತವೆ. ಯಂತ್ರವನ್ನು 42 ಡಿಗ್ರಿಗೆ ಇಟ್ಟು, ಒಂದು ನಿಮಿಷ 700 ಆರ್‌ಪಿಎಂನಲ್ಲಿ ಅಲುಗಾಡಿಸಿ ಒಂದು ನಿಮಿಷ ನಿಲ್ಲಿಸುತ್ತಾ, 15 ನಿಮಿಷಕ್ಕೊಮ್ಮೆ 450 ನ್ಯಾನೋಮೀಟರ್ ಬೆಳಕು ಹಾಯಿಸಿ 480ರಲ್ಲಿ ಹೊಳಪು ಓದಬೇಕು. ಉಷ್ಣಾಂಶ ಏರಿಸಿದರೆ ಫಲಿತಾಂಶ ಬೇಗ ಬರುತ್ತದೆ, ಜೊತೆಗೆ ತಾನಾಗಿ ಏಳುವ ಹೊತ್ತೂ ಹತ್ತಿರವಾಗುತ್ತದೆ. ಬಿಎಂಜಿ ಕಂಪನಿಯ ಒಮೆಗಾ ಯಂತ್ರಗಳಲ್ಲಿ ಹೊಳಪಿನ ಗರಿಷ್ಠ ಓದು 260,000. ಪಾಸಿಟಿವ್ ಅದಕ್ಕೆ ಮುಟ್ಟಿ ಚಪ್ಪಟೆಯಾಗುತ್ತಿದ್ದರೆ ಗೇನ್ (ಯಂತ್ರ ಹೊಳಪನ್ನು ಹಿಗ್ಗಿಸಿ ಓದುವ ಪ್ರಮಾಣ) ಇಳಿಸಿ.

ಏರಿದೆ ಎನ್ನುವುದಕ್ಕೆ ಗೆರೆ ಎಲ್ಲಿ ಎಳೆಯಬೇಕು? ಮೊದಲ ಕೆಲವು ಓದುಗಳ ಸರಾಸರಿಗೆ 5 ಅಥವಾ 10 ಪಟ್ಟು ಪ್ರಮಾಣಿತ ವಿಚಲನೆ ಸೇರಿಸಿ ಹೊಳಪಿನ ಗೆರೆ ಹಾಕುವುದು ರೂಢಿ. ನಾಲ್ಕರಲ್ಲಿ ಎರಡು ವೆಲ್‌ಗಳಾದರೂ ಅದನ್ನು ದಾಟಬೇಕು. ಇದು ಸುಲಭದ ಭಾಗ. ಎಷ್ಟು ಗಂಟೆಗೆ ಓದು ನಿಲ್ಲಿಸಬೇಕು ಎಂಬ ಸಮಯದ ಗೆರೆಯೇ ಕಷ್ಟದ್ದು. ಅದನ್ನು ಬೇರೆ ಲ್ಯಾಬಿನ ವರದಿಯಿಂದ ಎರವಲು ತರಬಾರದು. ನಿಮ್ಮದೇ ಸಬ್‌ಸ್ಟ್ರೇಟ್, ನಿಮ್ಮದೇ ಯಂತ್ರದಲ್ಲಿ, ಅದೇ ಜಾತಿಯ ಜಿಂಕೆಯ ಅದೇ ಅಂಗಾಂಶದ, ರೋಗವಿಲ್ಲದ ಪ್ರದೇಶದಿಂದ ಬಂದ ಹತ್ತಾರು ಗ್ರಂಥಿಗಳನ್ನು ನಡೆಸಿ, ಅವು ಯಾವಾಗ ಏಳಲು ಶುರುಮಾಡುತ್ತವೆ ಎಂದು ನೋಡಿದ ಮೇಲೆಯೇ ಗೆರೆ ಎಳೆಯಬೇಕು. ಬರೀ ಬಫರ್ ಹಾಕಿದ ವೆಲ್ ಇದಕ್ಕೆ ಸಾಲದು. ನೆಗೆಟಿವ್ ಅಂಗಾಂಶದ ವೆಲ್ ಬಫರ್‌ಗಿಂತ ಬೇಗ ಏಳಲೂಬಹುದು, ತಡವಾಗಲೂಬಹುದು. ಒಂದು ಪ್ಲೇಟಿನಲ್ಲಿ ನೆಗೆಟಿವ್ ಕಂಟ್ರೋಲ್ (ರೋಗವಿಲ್ಲವೆಂದು ಗೊತ್ತಿರುವ ಹೋಲಿಕೆಯ ಮಾದರಿ) ಏರಿದರೆ ಆ ಪ್ಲೇಟಿನ ಪಾಸಿಟಿವ್‌ಗಳನ್ನು ನಂಬಬಾರದು, ಎಷ್ಟೇ ಅವಸರವಿದ್ದರೂ ಇಡೀ ಪ್ಲೇಟನ್ನು ಮತ್ತೆ ನಡೆಸಬೇಕು.

ಮಾಲಿನ್ಯದ ಭಯ ಇಲ್ಲಿ ಪಿಸಿಆರ್ ಲ್ಯಾಬಿನಲ್ಲಿರುವಷ್ಟೇ ಇದೆ. ಕ್ರಿಯೆ ಮುಗಿದ ಪ್ರತಿ ಪಾಸಿಟಿವ್ ವೆಲ್ ಮುಂದಿನ ಸಾವಿರಾರು ಪ್ಲೇಟುಗಳನ್ನು ಎಬ್ಬಿಸುವಷ್ಟು ಬೀಜದ, ಅಂದರೆ ಹೆಪ್ಪಿನ, ಭಂಡಾರ. ಹಾಗಾಗಿ ಮುಗಿದ ಪ್ಲೇಟಿನ ಅಂಟುಹಾಳೆಯನ್ನು ಮಿಶ್ರಣ ತಯಾರಿಸುವ ಕೋಣೆಯಲ್ಲಿ ಎಂದಿಗೂ ಕೀಳಬಾರದು. ಮಿಶ್ರಣಕ್ಕೆ ಒಂದು ಕೋಣೆ, ಅಂಗಾಂಶ ಅರೆಯಲು ಇನ್ನೊಂದು, ಪೈಪೆಟ್‌ಗಳೂ ಬೇರೆ ಬೇರೆ, ಟಿಪ್‌ಗಳು ಫಿಲ್ಟರ್ ಇರುವಂಥವು. ಮಿನೆಸೋಟಾ ವಿಶ್ವವಿದ್ಯಾಲಯದ ತಂಡ 2022ರಲ್ಲಿ ಪ್ರಕಟಿಸಿದ ಎಂಎನ್-ಕ್ವಿಕ್ ವಿಧಾನದಲ್ಲಿ ದುಬಾರಿ ಓದು ಯಂತ್ರದ ಬದಲು ಚಿನ್ನದ ನ್ಯಾನೋಕಣ ಸೇರಿಸಿ ಬಣ್ಣ ಬದಲಾವಣೆಯನ್ನು ಬರಿಗಣ್ಣಿಂದಲೇ ನೋಡುತ್ತಾರೆ. ಊರಿನ ಹತ್ತಿರವೇ ಪರೀಕ್ಷೆ ಮಾಡಬಹುದು ಎಂಬುದು ದೊಡ್ಡ ಅನುಕೂಲ. ಆದರೆ ಕ್ರಿಯೆ ಮುಗಿದ ದ್ರವವನ್ನು ಅಲ್ಲಿ ತೆರೆಯಲೇಬೇಕಾಗುವುದರಿಂದ, ಆ ಕೆಲಸಕ್ಕೆ ಮೂರನೆಯ ಜಾಗವೊಂದನ್ನು ಮೀಸಲಿಡದ ಲ್ಯಾಬಿಗೆ ನಾನು ಅದನ್ನು ಸೂಚಿಸಲಾರೆ.

ಶುಚಿ ಮಾಡಲು ಆಲ್ಕೋಹಾಲ್ ಪ್ರಯೋಜನವಿಲ್ಲ. ಫಾರ್ಮಲಿನ್ ಅಂತೂ ಪ್ರಿಯಾನನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ. ಮನೆಬಳಕೆಯ ಬ್ಲೀಚನ್ನು ಶೇ 40ರ ಪ್ರಮಾಣಕ್ಕೆ ಬೆರೆಸಿ 5 ನಿಮಿಷ ಇಟ್ಟರೆ ಮೇಲ್ಮೈಯಲ್ಲಿನ ಸಿಡಬ್ಲ್ಯುಡಿ ಪ್ರಿಯಾನಿನ ಬೀಜಶಕ್ತಿ ಇಲ್ಲವಾಗುತ್ತದೆ ಎಂದು ರಾಕಿ ಮೌಂಟನ್ ತಂಡ 2019ರಲ್ಲಿ ತೋರಿಸಿತು. ಮಾಂಸದ ಚೂರಿನ ಒಳಕ್ಕೆ ಬ್ಲೀಚ್ ಇಳಿಯುವುದಿಲ್ಲ, ಆದ್ದರಿಂದ ಚಾಕುವಿಗೆ ಅಂಟಿದ ಅಂಗಾಂಶವನ್ನು ಮೊದಲು ಉಜ್ಜಿ ತೆಗೆಯಬೇಕು. 1 ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡ್‌ನಲ್ಲಿ ಒಂದು ಗಂಟೆ ನೆನೆಸುವುದು ಇನ್ನೊಂದು ದಾರಿ.

ಫಲಿತಾಂಶದ ಅರ್ಥ ಜಿಂಕೆಯ ಜೀನಿನ ಮೇಲೂ ನಿಂತಿದೆ. ಬಿಳಿಬಾಲದ ಜಿಂಕೆಯ ಪ್ರಿಯಾನ್ ಜೀನಿನ 96ನೇ ಸ್ಥಾನದಲ್ಲಿ ಗ್ಲೈಸೀನ್ ಬದಲು ಸೆರೀನ್ ಇದ್ದರೆ ರೋಗ ನಿಧಾನವಾಗಿ ಸಾಗುತ್ತದೆ, ಗ್ರಂಥಿಯಲ್ಲಿ ಪ್ರಿಯಾನ್ ಕಾಣುವುದೂ ತಡ. ಬದುಕಿರುವ ಜಿಂಕೆಯ ಗುದದ್ವಾರದ ಒಳಪದರದಿಂದ ಚೂರು ತೆಗೆದು ನಡೆಸುವ ಪರೀಕ್ಷೆ ಇಂಥವುಗಳಲ್ಲಿ ಸೋಂಕನ್ನು ಹೆಚ್ಚಾಗಿ ತಪ್ಪಿಸಿಬಿಡುತ್ತದೆ. ವಯಸ್ಸಾದಂತೆ ಆ ಜಾಗದ ಫಾಲಿಕಲ್‌ಗಳೂ ಕಡಿಮೆಯಾಗುತ್ತವೆ. ನಾರ್ವೆಯ ಮೂಸ್‌ಗಳ ಪ್ರಕರಣ ಇನ್ನೊಂದು ಎಚ್ಚರಿಕೆ. ಅಲ್ಲಿನ ವಯಸ್ಸಾದ ಮೂಸ್‌ಗಳ (ಜಿಂಕೆ ಕುಲದ ದೊಡ್ಡ ಪ್ರಾಣಿ) ಮೆದುಳಿನಲ್ಲಿ ಪ್ರಿಯಾನ್ ಸಿಕ್ಕಿತು, ದುಗ್ಧಗ್ರಂಥಿಯಲ್ಲಿ ಸಿಗಲಿಲ್ಲ. ಉತ್ತರ ಅಮೆರಿಕದ ತಳಿಗಿಂತ ಅದು ಬೇರೆ. ಗ್ರಂಥಿ ಮಾತ್ರ ಪರೀಕ್ಷಿಸಿದ್ದರೆ ಅವೆಲ್ಲ ಆರೋಗ್ಯವಂತ ಎಂದು ದಾಖಲಾಗುತ್ತಿದ್ದವು. ಹೊಸ ಪ್ರದೇಶದಲ್ಲಿ ನಿಗಾ ಶುರುಮಾಡುವವರು ಗ್ರಂಥಿಯ ಜೊತೆ ಮೆದುಳಿನ ಕಾಂಡದ ಓಬೆಕ್ಸ್ ಭಾಗವನ್ನೂ ತೆಗೆಯಬೇಕು.

ವರದಿಯಲ್ಲಿ "ರೋಗವಿಲ್ಲ" ಎಂದು ಬರೆಯಬೇಡಿ. "ಈ ಅಂಗಾಂಶದಲ್ಲಿ ಪತ್ತೆಯಾಗಲಿಲ್ಲ" ಎಂದು ಬರೆದು, ಯಾವ ಅಂಗಾಂಶ, ಎಷ್ಟು ತೆಳು, ಎಷ್ಟು ವೆಲ್, ಎಷ್ಟು ಗಂಟೆ ಎಂಬುದನ್ನು ಜೊತೆಗೇ ಕೊಡಿ. ಮನುಷ್ಯರಿಗೆ ಈ ರೋಗ ದಾಟಿದ ದೃಢಪಟ್ಟ ಪ್ರಕರಣವಿಲ್ಲವಾದರೂ ಪಾಸಿಟಿವ್ ಜಿಂಕೆಯ ಮಾಂಸ ತಿನ್ನಬೇಡಿ ಎಂಬುದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ ಸಲಹೆ. ಬೇಟೆಗಾರ ನಿಮ್ಮ ವರದಿ ನೋಡಿಯೇ ಆ ತೀರ್ಮಾನ ಮಾಡುತ್ತಾನೆ. ಆರ್‌ಟಿ-ಕ್ವಿಕ್‌ನಲ್ಲಿ ಮಾತ್ರ ಎದ್ದು ಎಲೈಸಾದಲ್ಲಿ ಏಳದ ಗ್ರಂಥಿ ಸಿಕ್ಕರೆ, ಎತ್ತಿಟ್ಟ ಅರ್ಧ ಗ್ರಂಥಿಯಿಂದ ಹೊಸದಾಗಿ ಅರೆದು, ಬೇರೆ ದಿನ, ಬೇರೆ ಸಬ್‌ಸ್ಟ್ರೇಟ್ ತಯಾರಿಯಲ್ಲಿ, ಎಂಟು ವೆಲ್‌ಗಳಲ್ಲಿ ಮತ್ತೆ ನಡೆಸಿ. ಇದಕ್ಕಾಗಿಯೇ ಪ್ರತಿ ಗ್ರಂಥಿಯ ಅರ್ಧವನ್ನು ಅರೆಯದೆ ಮೈನಸ್ 80 ಡಿಗ್ರಿಯಲ್ಲಿ, ಮೊದಲ ಅರೆತ ಇಟ್ಟ ಪೆಟ್ಟಿಗೆಯಲ್ಲಲ್ಲದೆ ಬೇರೆ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿರಬೇಕು.